ಒರಿಜಿನಲ್ಲೇ ಬೇಕೆಂದ ಕೃಷ್ಣಸ್ವಾಮಿ

ಜೀವನ್ ಬಿಮಾ ನಗರದ ಕೃಷ್ಣಸ್ವಾಮಿಯವರಿಗೆ ಹೇಸಿಗೆ ಹುಟ್ಟಿಸದ ವಸ್ತು ಈ ಲೋಕದಲ್ಲಿ ಬಹಳ ಕಡಿಮೆ. ಈಗಿನ ಸ್ಕ್ರೂ, ಈಗಿನ ಇಡ್ಲಿ, ಮೆಟ್ರೊ ಮೆಟ್ಟಿಲ ಮೇಲಿನ ಎಲೆಯಡಿಕೆ ಕಲೆ, ಎಲ್ಲಕ್ಕೂ ಮೂಗು ಮುರಿಯುತ್ತಾರೆ. ಸರ್ಕಾರಿ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಮೂವತ್ತೊಂದು ವರ್ಷ ಇದ್ದವರು. ಬೇರೆಯವರು ಮಾಡಿದ್ದನ್ನು ಸರಿಯಿಲ್ಲ ಅನ್ನುವುದೇ ಅವರ ಕೆಲಸವಾಗಿತ್ತು. ನಿವೃತ್ತಿಯಾದರೂ ಆ ಕೆಲಸ ಬಿಟ್ಟಿಲ್ಲ.

ಈ ವರ್ಷ ಅದೆಲ್ಲ ಮನೆಗೆ ಬಂದ ಹೊಸ ಕಂಪ್ಯೂಟರಿನ ತಲೆಗೆ ಬಿತ್ತು. ಆನ್ ಮಾಡಿದರೆ ಪರದೆ ಮೂಡಲು ಒಂಬತ್ತು ನಿಮಿಷ, ಆಫ್ ಆಗು ಅಂದರೆ ಹನ್ನೆರಡು ನಿಮಿಷ. ಅವರು ಗಡಿಯಾರ ಹಿಡಿದೇ ನೋಡಿದ್ದರು. "ಥೂ, ಇದೂ ಒಂದು ಮಾಲಾ?" ಎಂದು ಅದರ ಮುಖಕ್ಕೇ ಬೈದರು.

ಕಂಪ್ಯೂಟರ್ ತಂದದ್ದು ಹೆಂಡತಿ ಕೋಕಿಲಾಗೆ. ವಿಮಾ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದ ಆಕೆ, ಹದಿನಾಲ್ಕು ವರ್ಷದಿಂದ ಸುತ್ತಮುತ್ತಲ ಮುದುಕಿಯರ ಪಕ್ಕ ಕೂತು ಹಸೆ ಹಾಡು, ಎಣ್ಣೆಶಾಸ್ತ್ರದ ಹಾಡು, ಬೀಗರನ್ನು ಗೇಲಿ ಮಾಡುವ ಹಾಡು ಎಲ್ಲ ಕೇಳಿ ಟೈಪ್ ಮಾಡಿಟ್ಟಿದ್ದಳು. ಒಟ್ಟು ಮುನ್ನೂರ ಹನ್ನೆರಡು. ಹಾಡಿದವರಲ್ಲಿ ಈಗ ಒಬ್ಬರೂ ಇಲ್ಲ. ಹಾಡುಗಳೆಲ್ಲ ಇದ್ದದ್ದು ಹಳೇ ಕಂಪ್ಯೂಟರಿನ ಹಾರ್ಡ್ ಡಿಸ್ಕಿನಲ್ಲಿ.

ಹೊಸದನ್ನು ಜೋಡಿಸಲು ಬಂದ ಶಿವಾಜಿನಗರದ ಅಂಗಡಿಯ ತೌಹೀದ್ ಅವತ್ತೇ ಹೇಳಿದ್ದ. "ಎಲ್ಲಾ ಹೊಸದಕ್ಕೆ ಕಾಪಿ ಮಾಡ್ಬಿಡ್ತೀನಿ ಸಾರ್. ಹಳೇ ಡಿಸ್ಕ್‌ಗೆ ವಯಸ್ಸಾಗಿದೆ."

"ಕಾಪಿನಾ?" ಕೃಷ್ಣಸ್ವಾಮಿಯವರಿಗೆ ಮೈ ಉರಿಯಿತು. "ಯಾವ ಆಫೀಸಲ್ರೀ ಕಾಪಿಗೆ ಬೆಲೆ ಇರೋದು? ಒರಿಜಿನಲ್ಲನ್ನೇ ತೆಗೆದು ಇದರೊಳಗೆ ಕೂರಿಸಿ."

"ಎರಡೂ ಇರ್ಲಿ ಬಿಡಿ ರೀ," ಅಂದಳು ಕೋಕಿಲಾ.

"ಎರಡಿದ್ರೆ ಯಾವುದು ಅಸಲಿ ಅಂತ ನಾಳೆ ಯಾರು ಹೇಳ್ತಾರೆ?"

ಗೆಜೆಟೆಡ್ ಅಧಿಕಾರಿಯ ಸಹಿಯಿಲ್ಲದ ಜೆರಾಕ್ಸನ್ನು ಜೀವಮಾನದಲ್ಲೇ ಮುಟ್ಟದ ಮನುಷ್ಯ. ಅವರೊಡನೆ ವಾದ ಮಾಡಿ ಗೆದ್ದವರಿಲ್ಲ. ತೌಹೀದ್ ಹಳೇ ಡಿಸ್ಕನ್ನೇ ಹೊಸ ಡಬ್ಬದೊಳಗೆ, ಅದರ ಸ್ವಂತ ಡಿಸ್ಕಿನ ಪಕ್ಕಕ್ಕೆ ಕೂರಿಸಿ ಹೋದ.

ಕೃಷ್ಣಸ್ವಾಮಿಯವರಿಗೆ ಇನ್ನೊಂದು ಚಾಳಿಯೂ ಇತ್ತು. ಕಾರ್ಖಾನೆಯಲ್ಲಿ ಸಂಜೆ ಸೈರನ್ ಆದಮೇಲೆ ಮೇನ್ ಸ್ವಿಚ್ ಆರಿಸದೆ ಯಾರೂ ಜಾಗ ಬಿಡುವಂತಿರಲಿಲ್ಲ. ಮನೆಯಲ್ಲೂ ಅದೇ ಕಾನೂನು. ಐದೂವರೆಗೆ ವಾಕಿಂಗ್ ಹೊರಡುವ ಮೊದಲು ಕಂಪ್ಯೂಟರ್ ಆಫ್ ಮಾಡುವರು. ಅದು ಇನ್ನೂ ಗಿರಗಿರ ಅನ್ನುತ್ತಿರುವಾಗಲೇ ಎರಡು ನಿಮಿಷ ಕಾದು, "ಥತ್, ಸೋಮಾರಿ!" ಎಂದು ಗೋಡೆಯ ಸ್ವಿಚ್ಚನ್ನೇ ಪಟ್ಟನೆ ಆರಿಸುವರು. ಎರಡು ತಿಂಗಳು ದಿನಾ ಇದೇ ನಡೆಯಿತು.

ನಡುವೆ ಅವರೇ ರಿಪೇರಿಗೂ ಇಳಿದರು. ಬೇಡದ ಪ್ರೋಗ್ರಾಮುಗಳನ್ನು ಕಿತ್ತರು, ಆಂಟಿವೈರಸ್ ತೆಗೆದು ಮತ್ತೆ ಹಾಕಿದರು. ನಿಮಿಷ ಒಂದೂ ಇಳಿಯಲಿಲ್ಲ. ಫೋನಿನಲ್ಲಿ ತೌಹೀದನಿಗೆ ಉಗಿದರು. "ಹಳೇ ಡಿಸ್ಕ್ ಬಿಚ್ಚಿ ನೋಡೋಣ ಸಾರ್" ಎಂದು ಅವನು ಅಂದಾಗಲೆಲ್ಲ, "ಮೊದ್ಲು ನಿಮ್ಮ ಹೊಸ ಮಾಲು ನೋಡ್ರೀ" ಎಂದು ಲೈನ್ ಕತ್ತರಿಸಿದರು.

ಒಂದು ಬೆಳಗ್ಗೆ ಕೋಕಿಲಾ ಕರೆದಳು. "ರೀ, ಹಾಡಿನ ಫೋಲ್ಡರ್ ತೆರೀತಾನೇ ಇಲ್ಲ."

ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಇಬ್ಬರೂ ಆಟೋದಲ್ಲಿ ಶಿವಾಜಿನಗರಕ್ಕೆ ಹೋದರು. ಮಾಂಸದಂಗಡಿಗಳ ಸಾಲು ದಾಟುವಾಗ ಕೃಷ್ಣಸ್ವಾಮಿ ಮೂಗಿಗೆ ಕರ್ಚೀಫು ಒತ್ತಿಕೊಂಡು, ತೌಹೀದನಿಗೆ ಏನೇನು ಅನ್ನಬೇಕೆಂದು ಪಟ್ಟಿ ಹಾಕಿಕೊಳ್ಳುತ್ತಿದ್ದರು.

ತೌಹೀದ್ ಎಲ್ಲ ಬೈಗುಳ ಕೇಳಿಸಿಕೊಂಡ. ಆಮೇಲೆ ಹಳೇ ಡಿಸ್ಕಿನ ವೈರು ಕಿತ್ತು ಆನ್ ಮಾಡಿದ. ಇಪ್ಪತ್ತು ಸೆಕೆಂಡಿಗೆ ಪರದೆ ಬಂತು. ಆಫ್ ಮಾಡಿದ, ಎಂಟು ಸೆಕೆಂಡು. ಹಳೇ ಡಿಸ್ಕನ್ನು ಮತ್ತೆ ಸಿಕ್ಕಿಸಿದಾಗ ಅದು ಒಳಗೇ ಟಕ್ ಟಕ್ ಅನ್ನತೊಡಗಿತು.

"ಹೊಸದು ಪ್ರತಿ ಸಲ ಇದಕ್ಕೋಸ್ಕರ ಕಾಯ್ತಿತ್ತು ಸಾರ್," ಅಂದ. "ಇದು ಮೊದಲೇ ಸುಸ್ತಾಗಿತ್ತು. ಆಫ್ ಆಗೋ ಟೈಮಲ್ಲಿ ಮನೇಲಿ ಕರೆಂಟ್ ಹೋಗ್ತಿತ್ತಾ?"

"ಹೋಗ್ತಿರ್ಲಿಲ್ಲ. ಇವ್ರು ತೆಗೀತಿದ್ರು, ದಿನಾ," ಅಂದಳು ಕೋಕಿಲಾ.

ನಾಲ್ಕು ದಿನ ಗುದ್ದಾಡಿ ತೌಹೀದ್ ಎತ್ತಿಕೊಟ್ಟದ್ದು ಹತ್ತೊಂಬತ್ತು ಹಾಡು. ಸ್ವಿಚ್ ಆರಿಸಿದ ತಮ್ಮ ಕೈಯನ್ನು ನೋಡಿದರೆ ಕೃಷ್ಣಸ್ವಾಮಿಯವರಿಗೇ ಅಸಹ್ಯವಾಗುತ್ತಿತ್ತು. ಊಟಕ್ಕೆ ಕೂತಾಗಲೂ ಆ ಅಸಹ್ಯ ಬಿಡಲಿಲ್ಲ.

ಕೋಕಿಲಾ ಜಗಳವಾಡಲಿಲ್ಲ. ಮಾರನೇ ದಿನ ಮಧ್ಯಾಹ್ನ ಒಂದು ಲಾಂಗ್ ನೋಟ್‌ಬುಕ್ ತಂದು ಗಂಡನ ಮುಂದಿಟ್ಟಳು. "ನೆನಪಿರೋದನ್ನ ಹೇಳ್ತೀನಿ, ಬರ್ಕೊಳ್ಳಿ."

ಬೈಯಪ್ಪನಹಳ್ಳಿಯಿಂದ ಹೂವು ತರುತ್ತಿದ್ದ ಚಿಕ್ಕಮುನಿಯಮ್ಮ ಕಲಿಸಿದ ಹಸೆ ಹಾಡಿನಿಂದ ಶುರುಮಾಡಿದಳು. ಎರಡು ನುಡಿ ಸಲೀಸಾಗಿ ಬಂದವು. ಮೂರನೆಯದರ ಅರ್ಧದಲ್ಲಿ ನಿಂತಿತು. ಮೊದಲಿನಿಂದ ಮತ್ತೆ ಹಾಡಿದಳು. ಮತ್ತೆ ಅಲ್ಲೇ ನಿಂತಿತು.

ಪೆನ್ನು ಹಿಡಿದು ಕೂತಿದ್ದ ಕೃಷ್ಣಸ್ವಾಮಿ ಕಾದು ಕಾದು, "ಮುಂದೆ?" ಅಂದರು.

"ಮುಂದಿನದು ಆ ಡಿಸ್ಕಲ್ಲಿತ್ತು," ಅಂದಳು ಕೋಕಿಲಾ.