ಕಿಟಕಿಯ ಕೆಳಗೆ ಬಿಟ್ಟ ಸಂದಿ

ಅರಸೀಕೆರೆಯಲ್ಲಿ ಬಸ್ಸಿನ ಬಾಡಿ ಕಟ್ಟುವವರನ್ನು ಯಾರನ್ನಾದರೂ ಕೇಳಿ, ಗ್ಲಾಸು ಕೂರಿಸುವುದರಲ್ಲಿ ಹುಚ್ಚಣ್ಣನನ್ನು ಮೀರಿಸಿದವರಿಲ್ಲ ಅಂತಲೇ ಹೇಳುತ್ತಾರೆ. ಹೇಳಲಿ. ಮೂವತ್ತೈದು ವರ್ಷ ಅದನ್ನೇ ಮಾಡಿದ ಮನುಷ್ಯ. ಬಾಣಾವರದ ದಾರಿಯಲ್ಲಿ ಸುರಿಮಳೆಗೆ ಸಿಕ್ಕಿದ ಬಸ್ಸಿನೊಳಗೆ ಕಿಟಕಿ ಪಕ್ಕದವನ ತೊಡೆ ನೆನೆಯದಿದ್ದರೆ ಅದು ಹುಚ್ಚಣ್ಣನ ಕೈಗುಣ. ಅವನಿಗೂ ಅದು ಗೊತ್ತಿತ್ತು, ಒಂದು ಹಿಡಿ ಜಾಸ್ತಿಯೇ ಗೊತ್ತಿತ್ತು. ತನ್ನ ಕೆಲಸದಲ್ಲಿ ಹುಳುಕು ಹುಡುಕಿದವರ ಮನೆ ಹೊಸಿಲು ತಿರುಗಿ ತುಳಿಯುತ್ತಿರಲಿಲ್ಲ.

ಮಗಳು ಇಂದುವನ್ನು ಹಗರೆಗೆ ಕೊಟ್ಟಿದ್ದ. ಅಳಿಯ ರವಿಕುಮಾರ್ ಬೇಲೂರಿನ ಆಚೆ ಹಿನ್ನೀರಿನಲ್ಲಿ ಪ್ರವಾಸಿಗಳಿಗೆ ದೋಣಿ ನಡೆಸುತ್ತಿದ್ದ. ಅಲ್ಲಿನ ಓನರು ಕರಾವಳಿಯಿಂದ ಒಂದು ಹಳೇ ಹಾಯಿದೋಣಿಯನ್ನು ಲಾರಿ ಮೇಲೆ ಹೇರಿಸಿಕೊಂಡು ಬಂದ. ನಡುವೆ ಪುಟ್ಟ ಕೋಣೆ, ಅದಕ್ಕೆ ಎರಡೂ ಮಗ್ಗುಲಲ್ಲಿ ಮೂರು ಮೂರು ಕಿಟಕಿ, ಆರೂ ಸೋರುತ್ತಿದ್ದವು. 'ಗ್ಲಾಸು ಕೂರಿಸೋಕೆ ನಮ್ಮ ಮಾವ ಅವ್ರಲ್ಲಾ ಸಾರ್' ಅಂತ ಹೆಮ್ಮೆಯಿಂದ ಹೇಳಿದವನು ರವಿಕುಮಾರನೇ.

ಹುಚ್ಚಣ್ಣ ಮಗಳ ಮನೆಯಲ್ಲೇ ಉಳಿದು ಕೆಲಸಕ್ಕೆ ಕೂತ. ಹಳೇ ಅಂಟನ್ನು ಕೆರೆದು, ತಿನ್ನರಿನಲ್ಲಿ ಒರೆಸಿ, ಚೌಕಟ್ಟಿನ ಸುತ್ತ ಹೊಸ ಗಮ್ಮು ಎಳೆದು, ಗ್ಲಾಸು ಕೂರಿಸಿ, ಸ್ಕ್ರೂಗಳನ್ನು ಅರ್ಧಕ್ಕೆ ಬಿಟ್ಟ. ಅವಸರಗೇಡಿಗಳು ಒಂದೇ ಸಲ ಬಿಗಿದು ಗಮ್ಮನ್ನೆಲ್ಲ ಆಚೆ ಹಿಂಡಿಬಿಡುತ್ತಾರೆ. ಇವನು ಅದು ಒಣಗುವ ತನಕ ಕಾದು ಆಮೇಲೆ ಪೂರ್ತಿ ಬಿಗಿದ. ಕೆಲಸ ಅಂದರೆ ಅದು. ಆದರೆ ಪ್ರತಿ ಕಿಟಕಿಯ ಕೆಳಗಂಚಿನಲ್ಲಿ ಎರಡು ಬೆರಳಗಲ ಗಮ್ಮು ಹಾಕದೆ ಸಂದಿ ಬಿಟ್ಟ. ಬಸ್ಸಿಗೆ ಹಾಗೇ ಬಿಡುವುದು. ಮಳೆನೀರು ಹೆಂಗೋ ಚೌಕಟ್ಟಿನೊಳಗೆ ಇಳಿಯುತ್ತದೆ, ನಿಂತರೆ ತಗಡು ತಿನ್ನುತ್ತದೆ, ಅದಕ್ಕೆ ಆಚೆ ಹೋಗಲು ದಾರಿ ಬೇಕು.

ರವಿಕುಮಾರ್ ಬಗ್ಗಿ ನೋಡಿದ. "ಮಾವ, ಗಾಳಿ ಜೋರಾದ್ರೆ ಇದು ಮಗ್ಗುಲಿಗೆ ವಾಲ್ತದೆ. ಕಿಟಕಿನೇ ನೀರೊಳಕ್ಕೆ ಹೋಗ್ತದೆ. ಈ ಸಂದಿ..."

"ನೀನು ಹುಟ್ಟೋಕ್ ಮುಂಚಿಂದ ಗ್ಲಾಸು ಕೂರಿಸ್ತಾ ಇವ್ನಿ ಕಣಪ್ಪ. ನಂಗೇ ಕಲಿಸೋಕ್ ಬತ್ತೀಯಾ?"

"ಹಂಗಲ್ಲ ಮಾವ" ಅಂತ ಹುಡುಗ ಸುಮ್ಮನಾದ. ಹೆಣ್ಣು ಕೊಟ್ಟ ಮಾವನಿಗೆ ಎದುರಾಡಿ ಅಭ್ಯಾಸವಿಲ್ಲ ಅವನಿಗೆ. ಆ ಗ್ಲಾಸಿನ ಹುಚ್ಚಣ್ಣನಿಗಾದರೂ ಒಂದು ಗಳಿಗೆ ಕಿವಿ ಇರಬೇಡವೇ?

ಆಷಾಢ ಬಂತು. ಒಂದು ಮಧ್ಯಾಹ್ನ ರವಿಕುಮಾರ್ ಒಬ್ಬನೇ ದೋಣಿಯನ್ನು ದಡಕ್ಕೆ ತರುತ್ತಿದ್ದಾಗ ಗಾಳಿ ಹಾಯಿಗೆ ಅಪ್ಪಳಿಸಿತು. ದೋಣಿ ಮಗ್ಗುಲಾಯಿತು, ಮತ್ತೆ ಮೇಲೇಳಲಿಲ್ಲ. ಮಾರನೇ ದಿನ ಹೆಣ ಕೋಣೆಯೊಳಗೆ ಸಿಕ್ಕಿತು. ಓನರು, "ಕೋಣೆ ಬಾಗಿಲು ಹಾಕ್ದೆ ಹೊರಟವ್ನೆ, ನೀರು ನುಗ್ಗೈತೆ, ಅವಂದೇ ತಪ್ಪು" ಅಂದ. ಪೊಲೀಸರೂ ಹಾಗೇ ಬರೆದುಕೊಂಡರು.

ದೋಣಿಯನ್ನು ಮೇಲೆತ್ತಿದಾಗ ಹುಚ್ಚಣ್ಣ ಅಲ್ಲಿದ್ದ. ವಾಲಿದ ಮಗ್ಗುಲಿನ ಮೂರೂ ಕಿಟಕಿಯ ಸಂದಿಗೆ ಒಳಗಿನಿಂದ ತುರುಕಿದ ಟವೆಲಿನ ಚೂರುಗಳಿದ್ದವು. ಹುಡುಗ ತನ್ನ ಟವೆಲನ್ನೇ ಹರಿದು, ಹರಿದು ತುರುಕಿದ್ದ. ಉಳಿದವರು ಏನೋ ಬಟ್ಟೆ ಅಂದುಕೊಂಡರು. ನೀರು ನುಗ್ಗಿದ್ದು ಬಾಗಿಲಿಂದಲ್ಲ, ತಾನು ಬಿಟ್ಟ ಸಂದಿಯಿಂದ, ಅದನ್ನು ತಡೆಯಲೇ ಹುಡುಗ ಒಳಗಿಳಿದಿದ್ದ ಅಂತ ಹುಚ್ಚಣ್ಣನೊಬ್ಬನಿಗೇ ಗೊತ್ತಾಯಿತು.

ಹನ್ನೊಂದು ದಿನವೂ ಮಾತಾಡಿಸಲು ಬಂದವರದು ಒಂದೇ ಮಾತು. "ಬಾಗಿಲು ಹಾಕ್ಕೊಂಡಿದ್ರೆ ಬದುಕೋನು, ಎಡವಟ್ಟು ಮಾಡ್ಕೊಂಡ." ಥೂ, ಸತ್ತವನ ತಲೆಗೆ ಕಟ್ಟುವುದು ಎಷ್ಟು ಸಲೀಸು! ರವಿಕುಮಾರನ ತಾಯಿ ರಂಗಮ್ಮ ಗೋಡೆಗೊರಗಿ, "ಅಷ್ಟು ಬುದ್ಧಿ ಇರ್ಲಿಲ್ವಾ ನನ್ನ ಮಗನಿಗೆ" ಅಂತ ಬಂದವರನ್ನೆಲ್ಲ ಕೇಳುತ್ತಿದ್ದಳು. ಹುಚ್ಚಣ್ಣ ಲೆಕ್ಕ ಹಾಕಿದ. ಹೇಳಿದರೆ ಮಗಳು ಮುಖ ನೋಡುವುದಿಲ್ಲ, ಹೇಳದಿದ್ದರೆ ಆ ಹುಡುಗನ ಹೆಸರು ಹಾಳು. ಹೆಂಡತಿ ಚಲುವಮ್ಮನ ಕಿವಿಗೆ ಹಾಕಿದ.

"ಬಾಯ್ಮುಚ್ಕೊಂಡಿರಿ" ಅಂದಳು ಅವಳು. "ಗಂಡನ್ನ ಕಳ್ಕೊಂಡೋಳು ಅಪ್ಪನ್ನೂ ಕಳ್ಕೊಬೇಕಾ?"

ತಿಥಿ ಮುಗಿದು ನೆಂಟರು ಹೋದರು. ಮಗಳು ಇಂದು ಹಿತ್ತಿಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಹುಚ್ಚಣ್ಣ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಎಲ್ಲ ಹೇಳಿದ. ಸಂದಿ ಬಿಟ್ಟಿದ್ದು, ಹುಡುಗ ಹೇಳಿದ್ದು, ತಾನು ಗದರಿದ್ದು, ಟವೆಲಿನ ಚೂರು. ಹೇಳಿ, ಅವಳು ಕೈಯಲ್ಲಿದ್ದುದನ್ನು ಎತ್ತಿ ಬಡಿಯಲಿ ಅಂತ ಕಾದ. ನಿಜವಾಗಿ ಅದನ್ನೇ ಬಯಸಿದ.

ಅವಳು ತಿಕ್ಕುವುದನ್ನು ನಿಲ್ಲಿಸಲಿಲ್ಲ. "ನಂಗೊತ್ತಿತ್ತು ಕಣಪ್ಪ" ಅಂದಳು. "ನೀನು ಊರಿಗೆ ಹೋದ ದಿನವೇ ಅವ್ರು ಬೇಲೂರಿಂದ ಗಮ್ಮಿನ ಟ್ಯೂಬ್ ತಂದ್ರು. ಸಂದಿ ಮುಚ್ಚಿ ಬತ್ತೀನಿ ಅಂತ ಹೊರಟಿದ್ರು. ನಾನೇ ಬ್ಯಾಡ ಅಂದೆ. ಅಪ್ಪನ ಕೆಲ್ಸ ತಿದ್ದಿದ್ದು ಗೊತ್ತಾದ್ರೆ ಈ ಮನೆ ಹೊಸಿಲು ತುಳಿಯಲ್ಲ, ಬಿಟ್ಬಿಡಿ ಅಂದೆ. ಬಿಟ್ರು."



ಅವಳು ಕೈ ತೊಳೆದುಕೊಂಡು ಎದ್ದಳು. "ಅತ್ತೆ ಒಳಗವ್ರೆ. ಬಾ. ನೀನು ನಿಂದು ಹೇಳು, ನಾನು ನಂದು ಹೇಳ್ತೀನಿ."