ವಾಗೀಶನ ಗಾಡಿ, ನಮ್ಮ ಖಾಲಿ ಪೋರ್ಟಿಕೊ

ನನ್ನ ಮೈದುನ ವಾಗೀಶನಿಗೆ ಬೇರೆಯವರನ್ನು ದಿನವಿಡೀ ಒಂದೇ ಪ್ರಶ್ನೆ ಕೇಳಿ ಅಭ್ಯಾಸ. ಅಗ್ರಹಾರದಲ್ಲಿ ಅವನದೊಂದು ಕನ್ನಡಕದ ಅಂಗಡಿ. ಒಳಗಿನ ಕತ್ತಲೆ ಕೋಣೆಯಲ್ಲಿ ಜನರ ಮೂಗಿನ ಮೇಲೆ ಭಾರದ ಚೌಕಟ್ಟು ಕೂರಿಸಿ, ಒಂದೊಂದೇ ಗಾಜು ಹಾಕಿ ತೆಗೆದು, "ಈಗ ಚೆನ್ನಾಗಿ ಕಾಣುತ್ತಾ, ಮೊದಲಿನದೇ ಚೆನ್ನಾಗಿತ್ತಾ?" ಎನ್ನುತ್ತಾನೆ. ಕೃಷ್ಣಮೂರ್ತಿಪುರಂನ ಅರ್ಧ ಜನ ಪಂಚಾಂಗ ಓದುವುದು ಅವನು ಕೊಟ್ಟ ಕನ್ನಡಕದಲ್ಲೇ, ನಾನೂ ಸೇರಿ. ಗಿರಾಕಿ ಎಷ್ಟು ತಡವರಿಸಿದರೂ ಸಿಡುಕುವವನಲ್ಲ. ಆದರೆ ತಾನೇ ಏನನ್ನಾದರೂ ಆರಿಸಬೇಕಾಗಿ ಬಂದರೆ ಮುಗಿಯಿತು. ಹೋಟೆಲಿನಲ್ಲಿ ಸೆಟ್ ದೋಸೆಯೋ ಮಸಾಲೆ ದೋಸೆಯೋ ಎಂದು ಅವನು ಯೋಚಿಸುವಷ್ಟರಲ್ಲಿ ಅವನ ಹೆಂಡತಿ ಅಲಮೇಲು ತಿಂದು ಕೈ ತೊಳೆದುಕೊಂಡು ಬಂದಿರುತ್ತಾಳೆ.

ಇಂಥವನು ಹೊಸ ಕಾರು ಕೊಳ್ಳಲು ಹೊರಟ. ಹಳೆಯದು ತೀರಾ ತಗ್ಗು. ಅಲಮೇಲುವಿಗೆ ಮಂಡಿ ನೋವು. ಅದರೊಳಗೆ ಕೂರುವುದೇನೋ ಆಗುತ್ತಿತ್ತು, ಎದ್ದು ಬರುವುದಕ್ಕೆ ಮಾತ್ರ ಇಬ್ಬರ ಕೈ ಬೇಕಾಗುತ್ತಿತ್ತು. ಎತ್ತರದ ಎಸ್‌ಯುವಿಯೇ ಆಗಬೇಕು ಎಂದು ಅವಳು ಹೇಳಿಬಿಟ್ಟಳು. ಹಾಗಾಗಿ ಅಷ್ಟು ಬೇಗ ತೀರ್ಮಾನವಾಯಿತು. ಉಳಿದದ್ದು, ಪೂರ್ತಿ ಕರೆಂಟಿನ ಗಾಡಿಯೋ, ಪೆಟ್ರೋಲೂ ಬ್ಯಾಟರಿಯೂ ಎರಡೂ ಇರುವ ಹೈಬ್ರಿಡ್ಡೋ ಎಂಬ ಪ್ರಶ್ನೆ. ಅದನ್ನು ಅವನು ವರ್ಷದ ಮೇಲೆ ಎಳೆದ.

ಇದೆಲ್ಲ ನನಗೆ ಹೇಗೆ ಗೊತ್ತೆಂದರೆ, ನಮ್ಮದೂ ಅವರದೂ ಒಂದೇ ಮನೆ, ಒಂದೇ ಗೇಟು, ನಡುವೆ ಒಂದು ಗೋಡೆ. ಮಾವನವರು ಹೋದ ಮೇಲೆ ಪಾಲಾದಾಗ ಬಾವಿ, ಹಿತ್ತಿಲು ವಾಗೀಶನಿಗೆ ಹೋಯಿತು, ಮುಂದಿನ ಪೋರ್ಟಿಕೊ ನಮಗೆ ಬಂತು. ನಮ್ಮ ಯಜಮಾನರು ಅನಂತಪದ್ಮನಾಭ, ವಿದ್ಯುತ್ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದವರು. ನಿವೃತ್ತರಾಗಿದ್ದಾರೆ ಎಂದು ಇಲಾಖೆ ಹೇಳುತ್ತದೆ. ಈಗಲೂ ಯಾರ ಮನೆಗೆ ಹೋದರೂ ಇವರು ಮೊದಲು ಮೀಟರ್ ಬೋರ್ಡು ನೋಡುತ್ತಾರೆ, ಆಮೇಲೆ ಮನೆಯವರನ್ನು. ಅಣ್ಣತಮ್ಮಂದಿರ ನಡುವೆ ಪಾಲಿನಿಂದ ಜಗಳವಾಗಲಿಲ್ಲ. ಜಗಳವಾದದ್ದು ಬೂದುಗುಂಬಳಕಾಯಿಯಿಂದ.

ಒಂಬತ್ತು ವರ್ಷದ ಹಿಂದೆ ಆಯುಧಪೂಜೆಗೆ ವಾಗೀಶ ಈ ತಗ್ಗು ಕಾರನ್ನೇ, ಬಿಳಿ ಬಣ್ಣದ್ದು, ಹೊಸದಾಗಿ ತಂದು ನಮ್ಮ ಪೋರ್ಟಿಕೊದಲ್ಲೇ ನಿಲ್ಲಿಸಿದ್ದ. ಅಣ್ಣನೇ ಕುಂಬಳಕಾಯಿ ಒಡೆಯಬೇಕೆಂದು ಕೇಳಿದವನೂ ಅವನೇ. ಇವರು ಉತ್ಸಾಹದಲ್ಲಿ ಕುಂಕುಮ ತುಂಬಿದ ಕಾಯಿಯನ್ನು ಎತ್ತಿ ಕಾರಿನ ಪಕ್ಕದಲ್ಲೇ ಕುಕ್ಕಿದರು. ಕುಂಕುಮ ತೆರೆದಿದ್ದ ಕಿಟಕಿಯೊಳಗೂ ಹಾರಿ ಸೀಟಿನವರೆಗೂ ಕೆಂಪಾಯಿತು.

"ಸ್ವಲ್ಪ ನೋಡ್ಕೊಂಡು ಒಡೀಬಾರದಾ ಅಣ್ಣ?" ಎಂದ ವಾಗೀಶ.

"ಪೂಜೆ ಕುಂಕುಮ ಕಣೋ. ಅದೂ ಆಗಲ್ಲ ಅನ್ನೋನು ನನ್ನ ಪೋರ್ಟಿಕೊದಲ್ಲಿ ಯಾಕೆ ನಿಲ್ಲಿಸ್ದೆ?"

'ನನ್ನ' ಎಂದದ್ದೇ ಸಾಕಾಯಿತು. ವಾಗೀಶ ಆಗಲೇ ಗಾಡಿ ತೆಗೆದು ರಸ್ತೆಯಲ್ಲಿ ನಿಲ್ಲಿಸಿದ. ಆ ಒಂಬತ್ತು ವರ್ಷವೂ ಅದು ಹೊಂಗೆ ಮರದ ಕೆಳಗೆ ಹಕ್ಕಿಗಳ ಅಭಿಷೇಕ ಮಾಡಿಸಿಕೊಂಡು ನಿಂತಿತ್ತು. ಅಣ್ಣ ತಮ್ಮ ಮಾತು ಬಿಟ್ಟರು.

ಬಿಟ್ಟರು ಅಂದರೆ ನೇರವಾಗಿ ಬಿಟ್ಟರು, ಸುತ್ತುಬಳಸಿ ದಿನವೂ ಆಡುತ್ತಿದ್ದರು. ವಾಗೀಶನಿಗೆ ಏನಾದರೂ ತಿಳಿಸಬೇಕಾದರೆ ಇವರು ಕಾಂಪೌಂಡಿನ ತೆಂಗಿನ ಮರದ ಎದುರು ನಿಂತು, "ನಾಳೆ ಅಮ್ಮನ ತಿಥಿ, ಪುರೋಹಿತರು ಬೇಗ ಬರ್ತಾರೆ" ಎಂದು ಗಟ್ಟಿಯಾಗಿ ಹೇಳುತ್ತಿದ್ದರು. ಆ ಕಡೆಯಿಂದ ವಾಗೀಶ ಹೆಂಡತಿಗೆ, "ನಾಳೆ ಅಂಗಡಿಗೆ ರಜಾ ಕಣೇ" ಎಂದು ಕೂಗುತ್ತಿದ್ದ. ಅದೇ ಉತ್ತರ. ನಾನೂ ಅಲಮೇಲುವೂ ಇವರ ಗೊಡವೆಗೆ ಹೋಗದೆ ಹಿತ್ತಿಲ ಗೋಡೆಯ ಮೇಲಿಂದ ಸಾರು, ಗೊಜ್ಜು ದಾಟಿಸಿಕೊಂಡು ಹಾಯಾಗಿದ್ದೆವು.

ನನ್ನ ಸಿಟ್ಟೆಲ್ಲ ಪೋರ್ಟಿಕೊ ಮೇಲೆ. ನಮಗೆ ಕಾರಿಲ್ಲ, ಇವರ ಸ್ಕೂಟರು ಮಾರಿ ಯಾವ ಕಾಲವಾಯಿತೋ. ತಾರಸಿಯ ಬಿಸಿಲಿಗೆ ಸುಟ್ಟುಹೋಗುವ ನನ್ನ ಹೂಕುಂಡಗಳನ್ನು ಅಲ್ಲಿಡುತ್ತೇನೆ ಎಂದರೆ, "ಅದು ಗಾಡಿ ನಿಲ್ಲೋ ಜಾಗ" ಎನ್ನುತ್ತಿದ್ದರು.

"ಯಾವ ಗಾಡಿರೀ? ನಿಮ್ಮ ತಾತನ ಸಾರೋಟೇ?" ಎಂದರೆ ಪೊರಕೆ ಹುಡುಕಿಕೊಂಡು ಹೋಗುತ್ತಿದ್ದರು. ಬೆಳಿಗ್ಗೆ ಎದ್ದು ತಾವೇ ಗುಡಿಸಿ ನೀರು ಹಾಕುವುದು. ಎದುರು ಮನೆಯ ಮದುವೆಗೆ ಬಂದ ಅಡುಗೆಯವರು ನಾಲ್ಕು ಪಾತ್ರೆ ಇಟ್ಟುಕೊಳ್ಳುತ್ತೇವೆ ಎಂದಾಗಲೂ ಇಲ್ಲವೆಂದರು. ಹೋದ ಬೇಸಿಗೆಯಲ್ಲಿ ಅದರ ಮೂಲೆಯಲ್ಲಿ ಆಳದ ಗುಂಡಿ ತೋಡಿಸಿ, ಇದ್ದಿಲು, ಉಪ್ಪು ತುಂಬಿಸಿದರು. ಕೇಳಿದರೆ ಅರ್ಥಿಂಗ್ ಅಂತೆ, ಶಾಕ್ ಹೊಡೆಯದಂತೆ ಹಳೇ ಮನೆಗೆ ಇರಬೇಕಂತೆ. ಕುಂಡಕ್ಕಿಲ್ಲದ ಜಾಗ ಗುಂಡಿಗಿದೆ ಎಂದು ನಾನು ಎರಡು ದಿನ ಮುಖ ಊದಿಸಿಕೊಂಡಿದ್ದೆ.

ಅತ್ತ ವಾಗೀಶನ ಸಂಶೋಧನೆ ನಡೆದೇ ಇತ್ತು. ಸಂಜೆ ಅಂಗಡಿಯಿಂದ ಬಂದವನೇ ಟೀವಿಯಲ್ಲಿ ಗಾಡಿಗಳ ವಿಡಿಯೋ ಹಾಕುತ್ತಿದ್ದ. ಗೋಡೆಯೀಚೆ ಕೂತು ತರಕಾರಿ ಹೆಚ್ಚುತ್ತಲೇ ನಾನೂ ಬ್ಯಾಟರಿ ವಿಷಯದಲ್ಲಿ ಪಂಡಿತೆಯಾದೆ. ಹೈಬ್ರಿಡ್ಡಿಗೆ ಪ್ಲಗ್ಗೇ ಬೇಡ, ಓಡುತ್ತೋಡುತ್ತಲೇ ತನ್ನ ಬ್ಯಾಟರಿ ತಾನೇ ತುಂಬಿಕೊಳ್ಳುತ್ತದೆ, ಪೆಟ್ರೋಲು ಹಾಕಿಸಿದರೆ ಯಾವ ಊರಿಗಾದರೂ ಹೊರಡಬಹುದು. ಕರೆಂಟಿನದಕ್ಕೆ ಹೊಗೆಯಿಲ್ಲ, ಸದ್ದಿಲ್ಲ, ಮನೆ ಅಂಗಡಿ ಎಂದು ಓಡಾಡುವವನಿಗೆ ವಾರಕ್ಕೊಮ್ಮೆ ಚಾರ್ಜ್ ಹಾಕಿದರೆ ಸಾಕು. ಎರಡನ್ನೂ ನಂಜನಗೂಡು ರಸ್ತೆಯಲ್ಲಿ ಮಂಡಕಳ್ಳಿಯ ವಿಮಾನ ನಿಲ್ದಾಣದವರೆಗೆ ಓಡಿಸಿ ನೋಡಿದ. ಎರಡು ಸಲವೂ ನಾನೂ ಅಲಮೇಲುವೂ ಹಿಂದೆ ಕೂತಿದ್ದೆವು.

ಹೈಬ್ರಿಡ್ ಚೆನ್ನಾಗಿಯೇ ಇತ್ತು, ಸುಳ್ಳು ಹೇಳಬಾರದು. ಆದರೆ ಕರೆಂಟಿನ ಗಾಡಿಯಲ್ಲಿ ವಿಮಾನ ನಿಲ್ದಾಣದ ಹತ್ತಿರ ತಿರುಗಿಸಿಕೊಂಡು ಬರುವಾಗ ವಾಗೀಶ ತನ್ನಷ್ಟಕ್ಕೆ ಏನೋ ಗುನುಗುತ್ತಿದ್ದ. ಅವನು ಗುನುಗುತ್ತಾನೆಂದೇ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಮನೆಗೆ ಬಂದಾಗ ಅಲಮೇಲು ಯಾರ ಕೈಯನ್ನೂ ಹಿಡಿಯದೆ ಇಳಿದು ನಿಂತು ನಕ್ಕಳು.

"ಸರಿ, ಇದನ್ನೇ ತಗೊಳೋ" ಎಂದೆ.

"ಮನಸ್ಸೇನೋ ಇದರ ಮೇಲೇ ಇದೆ ಅತ್ತಿಗೆ. ಚಾರ್ಜ್ ಎಲ್ಲಿ ಹಾಕಲಿ? ಫುಟ್‌ಪಾತ್ ಮೇಲೆ ವೈರ್ ಎಳೆದರೆ ಜನ ಎಡವಿ ಬೀಳ್ತಾರೆ."

"ಪೋರ್ಟಿಕೊ ಖಾಲಿ ಬಿದ್ದಿದೆಯಲ್ಲೋ."

ಅವನು ಕನ್ನಡಕ ತೆಗೆದು ಒರೆಸಿಕೊಂಡ. "ನಾನು ಹೋಗಿ ಕೇಳಲ್ಲ. ಹೈಬ್ರಿಡ್ಡಿಗಾದರೆ ಯಾರ ಹಂಗೂ ಇಲ್ಲ. ಸೋಮವಾರ ಅದನ್ನೇ ಬುಕ್ ಮಾಡ್ತೀನಿ."

ಹೋಟೆಲಿನಲ್ಲಿ ದೋಸೆ ಆರಿಸಲಾಗದವನು ಈ ಕೆಟ್ಟ ಕೆಲಸಕ್ಕೆ ಮಾತ್ರ ಥಟ್ಟನೆ ತೀರ್ಮಾನ ಮಾಡಿದ್ದ. ಈಗ ಇವನು ಹೈಬ್ರಿಡ್ ತಂದರೆ ಇನ್ನೊಂದು ಹತ್ತು ವರ್ಷ ರಸ್ತೆಯಲ್ಲೇ ನಿಲ್ಲಿಸುತ್ತಾನೆ, ಅಣ್ಣ ತಮ್ಮ ಹಲ್ಲು ಉದುರುವವರೆಗೂ ತೆಂಗಿನ ಮರದ ಮೂಲಕವೇ ಮಾತಾಡುತ್ತಾರೆ. ಪ್ಲಗ್ ಬೇಕು ಅನ್ನುವ ಒಂದು ಕಾರಣಕ್ಕಾದರೂ ಇವನು ಈ ಕಡೆ ಬಂದಾನು ಎಂದು ನಾನು ಆಸೆ ಇಟ್ಟುಕೊಂಡಿದ್ದೆ.

ಯಜಮಾನರಿಗೆ ವಿಷಯ ಹೇಳಿದೆ. ಮುಖ ಸಪ್ಪಗಾಯಿತು. ಕಾಫಿ ಅರ್ಧಕ್ಕೇ ಬಿಟ್ಟು ತೆಂಗಿನ ಮರದ ಹತ್ತಿರ ಹೋದರು. "ಎಂಜಿನ್ನೂ ಬೇಕು, ಬ್ಯಾಟರೀನೂ ಬೇಕು. ಎರಡೆರಡು ಸಂಸಾರ ಕಟ್ಕೊಂಡರೆ ರಿಪೇರಿನೂ ಎರಡೆರಡು" ಎಂದು ಮರಕ್ಕೆ ಬುದ್ಧಿ ಹೇಳಿದರು.

ಗೋಡೆಯಾಚೆಯಿಂದ ವಾಗೀಶನ ದನಿ ಬಂತು. "ರಸ್ತೇಲಿ ಗಾಡಿ ನಿಲ್ಸೋರ ಕಷ್ಟ ಕೆಲವರಿಗೆ ಗೊತ್ತಾಗಲ್ಲ ಕಣೇ ಅಲಮೇಲು!"

ನನಗೂ ಅಲಮೇಲುವಿಗೂ ಸಾಕುಸಾಕಾಯಿತು. ಬುಕ್ ಮಾಡುವ ಮೊದಲು ಸುಮ್ಮನೆ ಜಾಗ ನೋಡಿಕೊಂಡು ಹೋಗಲು ಒಬ್ಬರನ್ನು ಕಳಿಸಿ ಎಂದು ಅವಳು ಕರೆಂಟ್ ಗಾಡಿಯ ಶೋರೂಮಿಗೆ ಫೋನ್ ಮಾಡಿದಳು. ಭಾನುವಾರ ಬೆಳಿಗ್ಗೆ ಅಶೋಕಪುರಂನ ಲೋಕೇಶ್ ಎಂಬವರು ಟೇಪು, ಮೀಟರು ಹಿಡಿದುಕೊಂಡು ಬಂದರು. ಪೋರ್ಟಿಕೊ ಯಾರದೆಂದು ನಾವು ಅವರಿಗೆ ಹೇಳಲೇ ಇಲ್ಲ. ಗೇಟು ತೆಗೆದವರು ನೇರವಾಗಿ ಅಲ್ಲಿಗೇ ನುಗ್ಗಿದರು.

"ಏನ್ ಸಾರ್, ಇಂಥ ಜಾಗ ಇಟ್ಕಂಡು ರೋಡಲ್ಲಿ ನಿಲ್ಲಿಸಿದ್ದೀರಾ? ಇಲ್ಲೇ ಹಾಕ್ಬುಡಾಣ ಚಾರ್ಜರ್‌ನ!"

ವಾಗೀಶ ಓಡಿ ಬಂದ. "ಅಯ್ಯೋ, ಅದು ನಮ್ಮದಲ್ಲ ಕಣ್ರೀ, ಈಚೆ ಬನ್ನಿ!"

ಅಷ್ಟರಲ್ಲಿ ಯಜಮಾನರು ಪೊರಕೆ ಹಿಡಿದುಕೊಂಡೇ ಹೊರಗೆ ಬಂದರು. ಅಣ್ಣ ತಮ್ಮ ಎದುರುಬದುರು ನಿಂತರು. ಮರ ದೂರದಲ್ಲಿತ್ತು, ಅಲಮೇಲು ಬಾಗಿಲ ಹಿಂದೆ ಅಡಗಿದ್ದಳು. ಇವರು ಕೊನೆಗೆ ಲೋಕೇಶ್ ಕಡೆ ತಿರುಗಿದರು.

"ಅವರಿಗೆ ಹೇಳಿ. ಆ ಕಂಬದ ಹಿಂದೆ ಒಂದು ಬಾಕ್ಸ್ ಇದೆ, ತೆಗೆದು ನೋಡ್ಲಿ."

"ಅವ್ರು ಇಲ್ಲೇ ಅವ್ರಲ್ವಾ ಸಾರ್, ನೀವೇ ಹೇಳಿ."

"ನಿಮಗೆ ಹೇಳಿದ್ದು ಮಾಡ್ರೀ!"

ಲೋಕೇಶ್ ತಲೆ ಕೆರೆದುಕೊಂಡು ತಾವೇ ಬಾಕ್ಸ್ ತೆಗೆದರು. ಮೀಟರ್ ಬೋರ್ಡಿನಿಂದ ಎಳೆದು ತಂದ ದಪ್ಪ ವೈರು, ಬೇರೆಯದೇ ಸ್ವಿಚ್ಚು, ಗುಂಡಿಯಿಂದ ಬಂದ ಹಸಿರು ವೈರು ಎಲ್ಲ ಅಚ್ಚುಕಟ್ಟಾಗಿ ಕೂತಿದ್ದವು. ಮೀಟರು ಹಿಡಿದು ನೋಡಿದ ಲೋಕೇಶ್ ಮುಖ ಅರಳಿತು.

"ಅರ್ಥಿಂಗ್ ಫಸ್ಟ್ ಕ್ಲಾಸಾಗದೆ ಸಾರ್! ಹಳೇ ಮನೇಲಿ ಇಂಗೆ ಸಿಗೋದೇ ಇಲ್ಲ. ಯಾವಾಗ ಮಾಡ್ಸುದ್ರಿ?"

"ಹೋದ ಬೇಸಿಗೇಲಿ" ಎಂದರು ಇವರು, ಪೊರಕೆಯ ಕಡ್ಡಿ ನೋಡಿಕೊಂಡು. "ಪಕ್ಕದ ಮನೇಲಿ ದಿನಾ ಸಂಜೆ ಕರೆಂಟ್ ಗಾಡಿ ವಿಡಿಯೋ ಹಾಕ್ತಿದ್ರು. ಈ ಕಡೆಗೂ ಕೇಳ್ಸುತ್ತೆ."

ನಾನು ಬಾಗಿಲಲ್ಲೇ ನಿಂತುಬಿಟ್ಟೆ. ದಿನಾ ಗುಡಿಸಿ, ನೀರು ಹಾಕಿ, ಒಂದು ಕುಂಡಕ್ಕೂ ಜಾಗ ಕೊಡದೆ ಇವರು ಕಾದಿಟ್ಟದ್ದು ಯಾರ ಗಾಡಿಗೆ ಎಂದು ಆಗ ತಿಳಿಯಿತು. ಹಿಂದೆಯೇ ಸಿಟ್ಟು ಬಂತು. ಕಟ್ಟಿಕೊಂಡ ಹೆಂಡತಿಗೆ ಒಂದು ಮಾತು ಹೇಳಿದ್ದರೆ ಇವರ ಗಂಟು ಹೋಗುತ್ತಿತ್ತೇ?

ವಾಗೀಶ ಆ ಬಾಕ್ಸನ್ನೇ ನೋಡುತ್ತ ನಿಂತಿದ್ದ. ಆಮೇಲೆ ಲೋಕೇಶ್ ಕಡೆ ತಿರುಗದೆ ಕೇಳಿದ.

"ಅಣ್ಣ, ನಾನು ಹೈಬ್ರಿಡ್ಡೇ ತಂದುಬಿಟ್ಟಿದ್ರೆ ಏನ್ಮಾಡ್ತಿದ್ದೆ?"

ಇವರೂ ಅವನನ್ನೇ ನೋಡಿ ಹೇಳಿದರು.

"ಕಾಯ್ತಿದ್ದೆ. ಅದೂ ಒಂದಿನ ಹಳೇದಾಗುತ್ತಲ್ಲ."

ವಾಗೀಶ ಮತ್ತೆ ಕನ್ನಡಕ ತೆಗೆದು ಒರೆಸತೊಡಗಿದ. ಅಲಮೇಲು ಒಳಗಿನಿಂದ ಐದು ಲೋಟ ಕಾಫಿ ತಂದಳು. ಲೋಕೇಶ್ ಕುಡಿಯುತ್ತ, "ಹಾಗಾದ್ರೆ ಬುಕ್ ಮಾಡ್ಬುಡ್ಲಾ ಸಾರ್?" ಎಂದರು. ವಾಗೀಶ ಯೋಚಿಸದೆ ತಲೆಯಾಡಿಸಿದ.

ಗಾಡಿ ಬಂತು. ಬಣ್ಣ ಮತ್ತೆ ಬಿಳಿಯೇ. ಪೂಜೆಯ ದಿನ ಯಜಮಾನರು ಕುಂಬಳಕಾಯಿ ಹೊತ್ತು ಗೇಟು ದಾಟಿ ರಸ್ತೆಯ ತಿರುವಿನವರೆಗೆ ನಡೆದೇಬಿಟ್ಟಿದ್ದರು. "ಅಷ್ಟು ದೂರ ಯಾಕೆ ಹೋಗ್ತೀಯಾ? ಇಲ್ಲೇ ಒಡಿ ಅಣ್ಣ" ಎಂದು ವಾಗೀಶ ಕೂಗಿದ. ಕೂಗುವ ಮೊದಲು ನಾಲ್ಕೂ ಕಿಟಕಿಯ ಗಾಜು ಏರಿಸಿದ್ದನ್ನು ನಾನು ನೋಡಿದೆ.

ಈಗ ಇಬ್ಬರಿಗೂ ಬಾಯಿಗೆ ಬಿಡುವಿಲ್ಲ. ಚಾರ್ಜ್ ಪೂರ್ತಿ ತುಂಬಿಸಬೇಕೋ, ಸ್ವಲ್ಪ ಮೊದಲೇ ನಿಲ್ಲಿಸಬೇಕೋ ಎಂದು ಬೆಳಗಾದರೆ ವಾದ ಶುರು. ಮೊನ್ನೆ ಅವರಿಬ್ಬರೂ ಗಾಡಿ ತೆಗೆದುಕೊಂಡು ನಂಜನಗೂಡಿಗೆ ಹೋಗಿದ್ದಾಗ ಜಾಗ ಖಾಲಿ ಇತ್ತು. ನಾನು ಉಸಿರು ಕಟ್ಟಿ ತಾರಸಿಯಿಂದ ಎರಡು ಸೇವಂತಿಗೆ ಕುಂಡ ಇಳಿಸಿ ತಂದು ಮೂಲೆಯಲ್ಲಿ ಇಟ್ಟೆ. ಗಾಡಿ ಸದ್ದಿಲ್ಲದೆ ಬಂದು ನನ್ನ ಬೆನ್ನ ಹಿಂದೆಯೇ ನಿಂತಿತು. ಎರಡು ಕಿಟಕಿಗಳೂ ಒಟ್ಟಿಗೆ ಇಳಿದವು.

"ಅದು ಗಾಡಿ ನಿಲ್ಲೋ ಜಾಗ!" ಎಂದರು ಅಣ್ಣ ತಮ್ಮ ಇಬ್ಬರೂ.