ಮಕ್ಬೂಲ ಮಾಸ್ತರರ ಬ್ಯಾಂಡಿನ ಮುಖಪುಟ

ಬೀದರಿನ ಹಳೇ ಊರಿನಲ್ಲಿ ಮಕ್ಬೂಲ ಮಾಸ್ತರ ಎಂದರೆ ಶಾಲೆಯ ಮಾಸ್ತರರಲ್ಲ, ಮದುವೆ ಬ್ಯಾಂಡಿನ ಮಾಸ್ತರ. ಜರಿಯಂಚಿನ ಕೆಂಪು ಕೋಟು ತೊಟ್ಟು ಕ್ಲಾರಿನೆಟ್ಟು ಹಿಡಿದರೆ ಒಂದು ಗೇಣು ಎತ್ತರ ಕಾಣುತ್ತಿದ್ದರು. ಕೋಟು ಕಳಚಿಟ್ಟರೆ ತರಕಾರಿ ಚೀಲ ಹಿಡಿದು ಹೆಂಡತಿಯ ಹಿಂದೆ ನಡೆಯುವ ಸಾದಾ ಮನುಷ್ಯ. ಬ್ಯಾಂಡು ಅಜ್ಜನ ಕಾಲದ್ದು. ಬೀದರ, ಭಾಲ್ಕಿ, ಔರಾದ ಕಡೆ ಯಾರ ಮನೆಯ ಮದುವೆಯಾದರೂ, ಯಾವ ಜಾತಿಯವರದಾದರೂ, ಮೆರವಣಿಗೆಯ ಮುಂದೆ ಒಂದು ಕಾಲಕ್ಕೆ ಇವರೇ ಇರಬೇಕಿತ್ತು.

ಆಮೇಲೆ ಡಿಜೆ ಬಂತು. ಒಂದು ಗಾಡಿ, ಗೋಡೆಯೆತ್ತರದ ಡಬ್ಬಿಗಳು, ಗುಂಡಿ ಒತ್ತಲು ಒಬ್ಬ ಆಳು. ಮಾಸ್ತರರು ಅದನ್ನು ಸಂಗೀತವೆಂದು ಒಪ್ಪಲಿಲ್ಲ. ಜನ ಇವರ ಒಪ್ಪಿಗೆಗೆ ಕಾಯಲೂ ಇಲ್ಲ. ಬುಕಿಂಗು ಇಳಿಯುತ್ತ ಬಂತು. ಅದಕ್ಕೂ ಅವರು ಅಷ್ಟಾಗಿ ಹೆದರಿರಲಿಲ್ಲ, ಹೆದರಿದ್ದು ಸಾಜಿದನ ಮಾತಿಗೆ.

ಸಾಜಿದ ಅವರ ತಂಗಿಯ ಮಗ, ಬ್ಯಾಂಡಿನಲ್ಲಿ ಟ್ರಂಪೆಟ್ಟು ಊದುವವನು. ಚಡ್ಡಿ ಹಾಕುವ ವಯಸ್ಸಿನಲ್ಲಿ ಅವನ ತುಟಿಗೆ ಟ್ರಂಪೆಟ್ಟು ಇಟ್ಟವರೇ ಮಾಸ್ತರರು. ಈಗ ಅವನು ಊದತೊಡಗಿದರೆ ಗುರುವೇ ಕ್ಲಾರಿನೆಟ್ಟು ಕೆಳಗಿಳಿಸಿ ಕೇಳುತ್ತ ನಿಲ್ಲುತ್ತಿದ್ದರು. ಅಂಥವನನ್ನು ಭಾಲ್ಕಿಯ ಡಿಜೆಯವನೊಬ್ಬ ಕೆಲಸಕ್ಕೆ ಕರೆಯುತ್ತಿದ್ದ.

"ಮಾಮೂ, ನಾನೂ ಸಂಸಾರಸ್ಥ. ದೀಪಾವಳಿ ಮುಗಿದು ಲಗ್ನದ ಹಂಗಾಮು ಶುರು ಆಗೂತನಕ ನೋಡ್ತೇನಿ. ಬುಕಿಂಗ್ ಬಂದ್ರ ಇಲ್ಲೇ ಇರ್ತೇನಿ, ಇಲ್ಲಂದ್ರ ಹೋಗ್ತೇನಿ. ಸಿಟ್ಟಾಗಬ್ಯಾಡ್ರಿ," ಅಂದ ಸಾಜಿದ.

ಅವರ ಮನೆಮಾತು ದಖನಿ ಉರ್ದು, ನಮ್ಮ ಅನುಕೂಲಕ್ಕೆ ಇಲ್ಲಿ ಕನ್ನಡವಾಗಿದೆ. ಯಾವ ಭಾಷೆಯಲ್ಲಿ ಹೇಳಿದ್ದರೂ ಅಷ್ಟೇ, ಮಾಸ್ತರರಿಗೆ ಅವತ್ತು ಊಟ ಸೇರಲಿಲ್ಲ. ಹೆತ್ತ ಮಗನಿಗಿಂತ ಹೆಚ್ಚಾಗಿ ಬೆಳೆಸಿದವನು ಎದುರಿನ ಡಿಜೆ ಗಾಡಿಯಲ್ಲಿ ಕೂತು ಬರುವುದನ್ನು ಅವರಿಂದ ನೆನೆಯಲೂ ಆಗಲಿಲ್ಲ.

ಮಗಳು ನಾಹೀದ ಮನೆಯ ಮುಂದಿನ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಸಣ್ಣ ಅಂಗಡಿಯವರಿಗೆ ವೆಬ್‌ಸೈಟ್ ಮಾಡಿಕೊಡುತ್ತಿದ್ದಳು. ಔರಾದಿನ ಟೇಲರೊಬ್ಬರ ಪುಟ ಅವಳದೇ ಕೆಲಸ.

"ಅಬ್ಬಾ, ಈಗ ಜನ ಬ್ಯಾಂಡ್ ಹುಡುಕೋದು ಫೋನಿನ್ಯಾಗ. ನಮ್ಮದೂ ಒಂದು ಪೇಜ್ ಇರಲಿ. ನಾವು ಯಾರು, ಯಾವ ಯಾವ ಊರಿಗಿ ಬರ್ತೇವಿ, ನಮ್ಮನ್ನ ಹ್ಯಾಂಗ ಕರೀಬೇಕು. ಹೋಮ್ ಪೇಜ್ ತೆರೆದವರಿಗಿ ಇಷ್ಟು ಲಗೂನ ಕಣ್ಣಿಗಿ ಬಿದ್ರ ಸಾಕು."

ಮಾಸ್ತರರಿಗೆ ಉತ್ಸಾಹ ಬಂದುಬಿಟ್ಟಿತು. ಅವರಿಗೆ ಉತ್ಸಾಹ ಬಂದರೆ ಮನೆಯವರಿಗೆ ಕಷ್ಟ. ಮರುದಿನವೇ ಇಡೀ ಬ್ಯಾಂಡಿಗೆ ಕೋಟು ತೊಡಿಸಿ ಅಷ್ಟೂರಿಗೆ ಕರೆದೊಯ್ದು, ಬಾದಶಹರ ಗುಂಬಜಗಳ ಮುಂದೆ ಸಾಲಾಗಿ ನಿಲ್ಲಿಸಿ ಫೋಟೋ ತೆಗೆಸಿಕೊಂಡು ಬಂದರು. ನಾಹೀದ ಹಣೆ ಹಣೆ ಬಡಿದುಕೊಂಡಳು.

"ಮದುವಿ ಬ್ಯಾಂಡಿನ ಹಿಂದ ಗೋರಿ ಯಾಕ ಅಬ್ಬಾ? ಯಾವ ಬೀಗರು ಒಪ್ತಾರ?"

ಮಾಸ್ತರರು ಫೋಟೋ ಬಿಟ್ಟುಕೊಟ್ಟರು. ಆದರೆ ಇನ್ನೊಂದು ಮಾತಿನಲ್ಲಿ ಜಗ್ಗಲಿಲ್ಲ. ಪುಟ ತೆರೆದೊಡನೆ ಬ್ಯಾಂಡು ಬಾರಿಸಬೇಕು.

"ಓಣಿ ಮೂಲ್ಯಾಗ ಇರಬೇಕಾದ್ರನ ಬ್ಯಾಂಡ್ ಕೇಳಬೇಕು. ಕಿಡಕಿ ತೆರೀಬೇಕು, ಮಂದಿ ಮಾಳಗಿ ಹತ್ತಬೇಕು. ಆಮ್ಯಾಲ ನಾವು ಕಾಣಬೇಕು. ಸಪ್ಪಳ ಇಲ್ದ ಕಾಣೋ ಬ್ಯಾಂಡ್ ಎಲ್ಲರ ಇರ್ತದೇನು?"

"ಬೆರಳು ಮುಟ್ಟೂತನಕ ಫೋನ್ ಸಪ್ಪಳ ಮಾಡಾಕ ಬಿಡಂಗಿಲ್ಲ ಅಬ್ಬಾ. ಮ್ಯಾಲ ಹಂಗ ಒಮ್ಮೆಲೇ ಬಾರಿಸಿದ್ರ ಜನ ಗಾಬರಿ ಆಗ್ತಾರ."

"ಹಂಗಾರ ಎಲ್ಲಿ ಮುಟ್ಟಿದ್ರೂ ಬಾರಿಸಲಿ."

ಕೆಲಸ ಕೆಡುತ್ತದೆ ಎಂದು ನಾಹೀದಳಿಗೆ ಗೊತ್ತಿತ್ತು. ಬೇರೆ ಗಿರಾಕಿಯಾಗಿದ್ದರೆ ಮುಖಕ್ಕೆ ಹೇಳುತ್ತಿದ್ದಳು. ಇದು ಅಪ್ಪನ ಬ್ಯಾಂಡು, ಅಪ್ಪನ ಮುಖದಲ್ಲಿ ಬಹಳ ದಿನಗಳ ಮೇಲೆ ಕಂಡ ಗೆಲುವು. ಹೇಳಿದಂತೆ ಮಾಡಿಕೊಟ್ಟಳು. ಫೋಟೋ ಮುಟ್ಟಿದರೂ ಬ್ಯಾಂಡು, ಹೆಸರು ಮುಟ್ಟಿದರೂ ಬ್ಯಾಂಡು, ಫೋನ್ ನಂಬರ್ ಮುಟ್ಟಿದರಂತೂ ಢೋಲು ಸಮೇತ ಬ್ಯಾಂಡು.

ಪುಟಕ್ಕೆ ಜನ ಬಂದರು, ಒಂದು ಕರೆಯೂ ಬರಲಿಲ್ಲ. ಬಂದವರೆಲ್ಲ ಕಣ್ಣು ಮಿಟುಕಿಸುವುದರೊಳಗೆ ಓಡಿಹೋಗುತ್ತಿದ್ದಾರೆ ಎಂದು ನಾಹೀದ ಕಂಪ್ಯೂಟರಿನಲ್ಲಿ ತೋರಿಸಿದಳು. "ಖುಷಿ ತಡೀಲಾರ್ದ ಮನಿಮಂದಿಗಿ ಹೇಳಾಕ ಓಡಿರ್ತಾರ," ಅಂದರು ಮಾಸ್ತರರು. ಹೀಗೆ ದೀಪಾವಳಿ ಹತ್ತಿರ ಬಂತು. ಸಾಜಿದ ಏನೂ ಕೇಳುತ್ತಿರಲಿಲ್ಲ. ಅವನು ಕೇಳದಿರುವುದೇ ಮಾಸ್ತರರಿಗೆ ಹೆಚ್ಚು ಚುಚ್ಚುತ್ತಿತ್ತು.

ಒಂದು ದಿನ ಭಾಲ್ಕಿಯಿಂದ ದತ್ತಾತ್ರಿ ಬಂದರು. ಹಳೇ ಗಿರಾಕಿ, ಅವರ ಮದುವೆಗೆ ಬಾರಿಸಿದ್ದು ಮಾಸ್ತರರೇ. ಈಗ ಮಗಳ ಮದುವೆ ಗೊತ್ತಾಗಿತ್ತು. ಮಾಸ್ತರರು ಎದ್ದು ಕುರ್ಚಿ ಕೊಟ್ಟರೆ ಆ ಮನುಷ್ಯ ಕೂರಲೇ ಇಲ್ಲ.

"ಮಾಸ್ತರ, ನಿಮ್ಮ ಫೋನ್ ಬ್ಯಾಂಡ್ ನನ್ನ ಮಾನ ಕಳೀತು ನೋಡ್ರಿ! ಸಾಯಗಾಂವದಾಗ ನಮ್ಮ ಕಾಕಾ ತೀರಕೊಂಡ್ರು. ಪುಣೆದಿಂದ ಅವರ ಮಗ ಬರೋದಿತ್ತು, ಎಲ್ಲಾರೂ ಅಂಗಳದಾಗ ಕುಂತಿದ್ವಿ. ಬಾಜೂಕ ನಮ್ಮ ಹೊಸ ಬೀಗರು. ಲಗ್ನಕ್ಕ ಯಾವ ಬ್ಯಾಂಡ್ ಹೇಳೀರಿ ಅಂತ ಮೆಲ್ಲಕ ಕೇಳಿದ್ರು. ನಿಮ್ಮ ಪೇಜ್ ತೆರೆದು ನಂಬರ್ ಕೊಡೋಣಂತ ಅದರ ಮ್ಯಾಲ ಬಟ್ಟು ಇಟ್ಟೆ. ಹೆಣದ ಮುಂದ ಮದುಮಗ ಕುದುರಿ ಹತ್ತಿದಂಗಾತು! ಬಂದ್ ಮಾಡಾಕ ಎಲ್ಲಿ ಒತ್ತಿದ್ರೂ ಮತ್ತ ಮೊದಲಿಂದ ಶುರು. ಕಡೀಕ ಫೋನ್ ತಗೊಂಡು ನೀರಿನ ಕೊಡಪಾನದಾಗ ಹಾಕಿಬಿಟ್ಟೆ!"

ಹೇಳುತ್ತ ಹೇಳುತ್ತ ದತ್ತಾತ್ರಿಗೆ ತಮಗೇ ನಗು ತಡೆಯದಾಯಿತು. "ಅಳೋ ಹೆಣ್ಮಕ್ಕಳು ಸೆರಗು ಬಾಯಾಗ ತುರಕೊಂಡು ನಕ್ರು ಮಾಸ್ತರ," ಎಂದು ಕುರ್ಚಿಗೆ ಕುಸಿದರು. ಒಳಗಿನಿಂದ ನಾಹೀದಳ ನಗೆಯೂ ಕೇಳಿಸಿತು.

ಮಾಸ್ತರರು ಮಾತ್ರ ನಗಲಿಲ್ಲ, ನಾಚಿಕೆಯಿಂದ ಅವರ ಕಿವಿ ಕೆಂಪಾಗಿತ್ತು. ಮೆರವಣಿಗೆಯ ದಾರಿಯಲ್ಲಿ ಸೂತಕದ ಮನೆ ಬಂದರೆ ಅವರು ಕೈ ಎತ್ತುತ್ತಿದ್ದರು, ಅಷ್ಟಕ್ಕೇ ಇಡೀ ಬ್ಯಾಂಡು ಬಾಯಿ ಮುಚ್ಚುತ್ತಿತ್ತು. ನಮಾಜಿನ ಹೊತ್ತಿಗೆ ಮಸೀದಿ, ಯಾವ ಹೊತ್ತಿಗಾದರೂ ಆಸ್ಪತ್ರೆ, ಎಲ್ಲಕ್ಕೂ ಅದೇ ರಿವಾಜು. ಮದುಮಗನ ಕಡೆಯವರು ಎಷ್ಟೇ ರೇಗಿದರೂ ಆ ಮನೆ ದಾಟುವ ತನಕ ಬೂಟಿನ ಸದ್ದು ಬಿಟ್ಟರೆ ಇನ್ನೊಂದು ಸದ್ದಿಲ್ಲ. ಹಾಗೆ ಬಾಳಿದವರ ಬ್ಯಾಂಡು ಸತ್ತವರ ಅಂಗಳದಲ್ಲಿ ಬಾರಿಸಿ ಬಂದಿತ್ತು.

ಬೀಗರನ್ನು ಕೇಳಿ ಹೇಳುತ್ತೇನೆಂದು ದತ್ತಾತ್ರಿ ಹೋದ ಮೇಲೆ ಮಾಸ್ತರರು ಮಗಳ ಪಕ್ಕ ಬಂದು ಕೂತರು.

"ಬೇಟಿ, ತಪ್ಪಾತು. ಓಣ್ಯಾಗ ಆದ್ರ ನಾ ಎಲ್ಲಿದ್ದೇನಿ ಅಂತ ನನಗ ಕಾಣ್ತದ. ಈ ಪೇಜ್ ತೆರೆದಾಂವ ಎಲ್ಲಿ ಕುಂತಾನಂತ ನನಗೇನು ಗೊತ್ತು? ಅವನ್ನ ಕೇಳಿ ಬಾರಿಸಬೇಕಾಗಿತ್ತು."

ಹೊಸ ಪುಟ ಅಂದೇ ಶುರುವಾಯಿತು. ಮೇಲೆ ಮದುವೆಮನೆಯ ಚಪ್ಪರದಡಿ ತೆಗೆದ ನಿಜವಾದ ಫೋಟೋ. ಅದರ ಕೆಳಗೆ ಒಂದೇ ಸಾಲು: "ಬೀದರ, ಭಾಲ್ಕಿ, ಔರಾದ: ನಿಮ್ಮ ಮನೆಯ ಮದುವೆಗೆ ನಾವು ಬರುತ್ತೇವೆ." ಹೆಬ್ಬೆರಳಿಗೆ ಸಲೀಸಾಗಿ ಸಿಗುವಷ್ಟು ದೊಡ್ಡದಾಗಿ ಕರೆ ಮಾಡುವ ಗುಂಡಿ. ಆಮೇಲೆ ಇನ್ನೊಂದು ಚಿಕ್ಕ ಗುಂಡಿ: "ಕೇಳಬೇಕೆನಿಸಿದರೆ ಒತ್ತಿರಿ."

"ಒತ್ತಿದ್ರ ಯಾವುದು ಬಾರಿಸಲಿ ಅಬ್ಬಾ? ಸಣ್ಣದಿರಬೇಕು. ನಿಮ್ಮ ಕ್ಲಾರಿನೆಟ್ ಹಾಕಲೇನು?"

ಮಾಸ್ತರರು ಅಂಗಿಯ ಗುಂಡಿ ತಿರುವಿದರು. ತಮ್ಮ ಕ್ಲಾರಿನೆಟ್ಟಿನ ಮೇಲೆ ಅವರಿಗಿದ್ದ ಪ್ರೀತಿ ಸಣ್ಣದಲ್ಲ. "ಸಾಜಿದಂದು ಹಾಕು. ಬರೇ ಅವನದು. ನಂಬರೂ ಅವನದೇ ಹಾಕು, ನನಗ ಫೋನಿನ್ಯಾಗ ಕಿವಿ ಸರೀಗಿ ಕೇಳಂಗಿಲ್ಲ," ಅಂದರು. ಅಪ್ಪನ ಕಿವಿ ಎಷ್ಟು ಚುರುಕು ಎಂದು ಗೊತ್ತಿದ್ದ ನಾಹೀದ ತಕರಾರು ಮಾಡದೆ ಟೈಪು ಮಾಡಿದಳು.

ದೀಪಾವಳಿ ಮುಗಿಯಿತು. ಸಾಜಿದ ತನ್ನ ಕೆಂಪು ಕೋಟನ್ನು ಇಸ್ತ್ರಿ ಮಾಡಿಸಿ, ಮಡಚಿ, ಮಾಮನಿಗೆ ಒಪ್ಪಿಸಲು ತಂದ. ಕೋಟು ಇಬ್ಬರ ನಡುವೆ ಮಂಚದ ಮೇಲಿತ್ತು. ಆಗ ಸಾಜಿದನ ಫೋನು ರಿಂಗಾಯಿತು.

ಔರಾದಿನಿಂದ ರಾಧಿಕಾ ಎಂಬ ಹೆಣ್ಣುಮಗಳು. ತಮ್ಮನ ಮದುವೆಯಂತೆ. ಅವಳ ದನಿ ಕೋಣೆಗೆಲ್ಲ ಕೇಳುವಷ್ಟು ಗಟ್ಟಿಯಾಗಿತ್ತು.

"ನಿಮ್ಮ ಪೇಜಿನ್ಯಾಗ ಒಬ್ಬರು ಊದ್ಯಾರಲ್ರಿ, ನಮ್ಮ ಮನ್ಯಾಗ ಎಲ್ಲಾರೂ ಮತ್ತ ಮತ್ತ ಒತ್ತಿ ಕೇಳಾಕತ್ತೀವಿ. ನಮಗ ಡಿಜೆ ಬ್ಯಾಡ್ರಿ. ಅವರು ಬರೋದಾದ್ರ ಈಗೇ ಗೊತ್ತು ಮಾಡ್ತೇವಿ. ಬರ್ತಾರೇನ್ರಿ ಅವರು?"

ಸಾಜಿದ ತಬ್ಬಿಬ್ಬಾದ. 'ಬ್ಯಾಂಡಿನವನು' ಎಂದು ಕರೆದವರುಂಟು, 'ಅವರು' ಎಂದು ಅವನನ್ನು ಹುಡುಕಿಕೊಂಡು ಯಾರೂ ಬಂದಿರಲಿಲ್ಲ. ಮಾಮನ ಕಡೆ ನೋಡಿದ. ಮಾಸ್ತರರು ಬೇಕೆಂದೇ ಬಾಗಿಲ ಕಡೆ ಮುಖ ತಿರುಗಿಸಿದ್ದರು.

"ಅದು ನಾನೇ ರೀ," ಅಂದ ಸಾಜಿದ. ಮಂಚದ ಮೇಲಿನ ಕೋಟನ್ನು ತನ್ನ ಕಡೆ ಎಳೆದುಕೊಂಡು ಮತ್ತೆ ಅಂದ, "ಬರ್ತೇನ್ರಿ."

ಅವಳು ತಾರೀಖು ಹೇಳಿದಳು, ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಕೇಳಿದಳು. ಸಾಜಿದ ಫೋನಿಗೆ ಕೈ ಅಡ್ಡ ಹಿಡಿದು, "ಮಾಮೂ, ಏನು ಹೇಳಲಿ?" ಎಂದ.

ಮಕ್ಬೂಲ ಮಾಸ್ತರರು ಕಣ್ಣೊರೆಸಿಕೊಂಡು ತಿರುಗಿದರು.

"ನನ್ನ ಯಾಕ ಕೇಳ್ತಿ? ಅವರು ನಿನ್ನ ಕೇಳಾಕತ್ತಾರ. ಇನ್ನ ಮ್ಯಾಲ ನೀನೇ ಹೇಳು, ನಾವು ನಿನ್ನ ಹಿಂದ ಬರ್ತೇವಿ."